ಮಡಿಕೇರಿಯಲ್ಲಿ 8 ಸಾವಿರದೊಳಗೆ ಬಾಡಿಗೆ ಮನೆ ಸಿಗುತ್ತಾ?

ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಹಳೇ ಕಥೆಯನ್ನು ಯಾರೋ ಬರೆದ ಹಾಗಿತ್ತು. ಮಡಿಕೇರಿಗೆ ವರ್ಗ ಆಗಿದೆ, ಮೂಲ ವೇತನ 40 ಸಾವಿರದ ಹತ್ತಿರ, ಹೆಂಡತಿ, ಮೂರು ವರ್ಷದ ಮಗು, 8 ಸಾವಿರದೊಳಗೆ ಎರಡು ರೂಮಿನ ಮನೆ ಬೇಕು, ಮೊಬೈಲಲ್ಲಿ ಹುಡುಕಿದರೆ ಬರೀ ಹೋಂಸ್ಟೇ ಬರುತ್ತೆ ಅಂತ ಬರೆದಿದ್ದೀರಿ. ನೇರವಾಗಿ ಹೇಳಿಬಿಡ್ತೀನಿ. ಪೇಟೆಯೊಳಗೆ ಆ ದುಡ್ಡಿಗೆ ಕಷ್ಟ. ಸಿಕ್ಕರೆ ಖುಷಿಪಡುವ ಮೊದಲು ಯಾಕಿಷ್ಟು ಕಮ್ಮಿ ಅಂತ ವಿಚಾರಿಸಿ. ಪೇಟೆ ಬಿಟ್ಟು ಹದಿನೈದು ಕಿಲೋಮೀಟರ್ ಆಚೆಗೆ ಮನಸ್ಸು ಮಾಡಿದರೆ ಸಿಗುತ್ತದೆ.

ನಾನು ಚಿತ್ರದುರ್ಗದ ಕಡೆಯವಳು. ಸರ್ಕಾರಿ ಹೈಸ್ಕೂಲ್ ಟೀಚರ್. ಇಲ್ಲಿಗೆ ಬಂದಿದ್ದು 2019ರ ಜೂನ್‌ನಲ್ಲಿ. ಮನೆ ಹುಡುಕೋಕೆ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದಿತ್ತಲ್ಲ, ಆಗ ಮನೆ ಕಳೆದುಕೊಂಡ ಎಷ್ಟೋ ಸಂಸಾರಗಳು ಇನ್ನೂ ಬಾಡಿಗೆ ಮನೆಗಳಲ್ಲೇ ಇದ್ದವು. ಹೊಸ ಮನೆ ಕೈಗೆ ಬರುವವರೆಗೆ ಸರ್ಕಾರ ಬಾಡಿಗೆ ಕೊಡುತ್ತಿತ್ತು. ಇದ್ದಬದ್ದ ಮನೆಗಳೆಲ್ಲ ತುಂಬಿದ್ದವು. ಅವರ ಮೇಲೆ ಸಿಟ್ಟು ಮಾಡೋಕಾಗುತ್ತಾ? ನಾನು ಎರಡು ಸೂಟ್‌ಕೇಸ್ ಹಿಡಿದು ಬಂದವಳು, ಅವರು ಉಟ್ಟ ಬಟ್ಟೆಯಲ್ಲಿ ಬಂದವರು. ಐದು ವಾರ ಲೇಡೀಸ್ ಪಿಜಿಯಲ್ಲಿದ್ದೆ. ಒಂದು ರೂಮಿನಲ್ಲಿ ನಾಲ್ಕು ಜನ, ಆರು ಹಗ್ಗ, ಹಗ್ಗದ ತುಂಬ ಒಣಗದ ಬಟ್ಟೆ.

ನಮ್ಮ ಕಡೆ ಮನೆ ನೋಡೋದು ಅಂದರೆ ನೀರು ಎಷ್ಟು ದಿನಕ್ಕೊಮ್ಮೆ, ಗಾಳಿ ಬೆಳಕು ಹೇಗೆ, ಇಷ್ಟೇ. ಇಲ್ಲಿ ನೋಡಬೇಕಾದ್ದೇ ಬೇರೆ ಅಂತ ಕಲಿಸಿದವರು ನಮ್ಮ ಶಾಲೆಯ ಅಡುಗೆಯ ಅಕ್ಕ. ಒಂದು ಭಾನುವಾರ ಜೊತೆಗೆ ಬಂದಿದ್ದರು. ಮನೆ ಚೆನ್ನಾಗಿತ್ತು. ಹೊಸದಾಗಿ ಪೇಂಟ್ ಹೊಡೆದ ವಾಸನೆ ಇನ್ನೂ ಹೋಗಿರಲಿಲ್ಲ. ಬಾಡಿಗೆ ಬರೀ 6,000. ನಾನು ಅಡ್ವಾನ್ಸ್ ಕೊಡೋಕೆ ಪರ್ಸ್ ತೆಗೆದೆ. ಅಕ್ಕ ಮಾತಾಡಲಿಲ್ಲ. ಸುಮ್ನೆ ಹೋಗಿ, ರೂಮಿನ ಗೋಡೆಗೆ ಸೊಂಟದ ಎತ್ತರಕ್ಕೆ ನೇತುಹಾಕಿದ್ದ ಕ್ಯಾಲೆಂಡರ್ ಎತ್ತಿದರು. ಯಾರಾದರೂ ಕ್ಯಾಲೆಂಡರನ್ನ ಅಷ್ಟು ಕೆಳಗೆ ಹಾಕ್ತಾರಾ ಹೇಳಿ. ಹಿಂದೆ ತಟ್ಟೆಯಷ್ಟಗಲ ಕಪ್ಪು ಬೂಷ್ಟು, ಹೊಸ ಪೇಂಟನ್ನೂ ದಾಟಿ ಮೇಲೆ ಬಂದಿತ್ತು. ಬೆರಳು ಇಟ್ಟರೆ ಗೋಡೆ ಮೆತ್ತಗಿತ್ತು, ನೆನೆಸಿದ ಅವಲಕ್ಕಿ ಥರ. ಆಮೇಲೆ ಅಕ್ಕ ಹಿಂಬಾಗಿಲು ತೆಗೆದು ತೋರಿಸಿದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಬರೆ, ಎರಡಾಳೆತ್ತರ, ಮೇಲೆ ನೀಲಿ ಟಾರ್ಪಾಲು. "ಇಲ್ಲಿ ಮಲಗಿದ್ರೆ ಮಳೆಗಾಲ ಪೂರ್ತಿ ನಿದ್ದೆ ಬರ್ಲಿಕ್ಕಿಲ್ಲ ಟೀಚರೇ" ಅಂದರು.

ಬರೆ ಅಂದರೆ ಗೊತ್ತಿಲ್ಲದಿದ್ದರೆ ಹೇಳ್ತೀನಿ. ಗುಡ್ಡ ಕಡಿದು ಮನೆಗೆ ಜಾಗ ಮಾಡಿದಾಗ ಹಿಂದೆ ಗೋಡೆಯ ಹಾಗೆ ಉಳಿಯುವ ಮಣ್ಣು. ಜುಲೈ, ಆಗಸ್ಟ್‌ನಲ್ಲಿ ಇಲ್ಲಿನ ಪೇಪರ್ ತೆಗೆದರೆ "ಬರೆ ಕುಸಿದು ಮನೆಗೆ ಹಾನಿ" ಅನ್ನೋ ಸಾಲು ಕಾಣದ ದಿನ ಕಮ್ಮಿ. ಮನೆ ನೋಡೋಕೆ ಹೋದಾಗ ಹಾಲ್ ಆಮೇಲೆ ನೋಡಿ, ಮೊದಲು ಹಿಂಬಾಗಿಲು ತೆಗೆಸಿ. ಬರೆಗೆ ಕಲ್ಲಿನ ತಡೆಗೋಡೆ ಇದೆಯಾ, ಅದರಲ್ಲಿ ನೀರು ಹೊರಗೆ ಬರೋಕೆ ತೂತು ಬಿಟ್ಟಿದ್ದಾರಾ, ಚರಂಡಿ ಎತ್ತ ಹೋಗುತ್ತೆ, ಇಷ್ಟನ್ನಾದರೂ ನೋಡಿ. ಮೂರು ವರ್ಷದ ಮಗು ಇರುವವರು ಬಾಡಿಗೆ ಕಮ್ಮಿ ಅಂತ ಈ ವಿಷಯದಲ್ಲಿ ರಾಜಿ ಆಗಬೇಡಿ.

ಬಾಡಿಗೆ ಯಾಕಿಷ್ಟು ಅಂತಾನೂ ಕೇಳಿದ್ದೀರಿ. 2011ರ ಜನಗಣತಿಯಲ್ಲಿ ಮಡಿಕೇರಿ ಪೇಟೆಯ ಜನಸಂಖ್ಯೆ 33,381. ದಾವಣಗೆರೆಯ ಮೂರ್ನಾಲ್ಕು ವಾರ್ಡ್ ಸೇರಿಸಿದ ಹಾಗೆ. ಅಷ್ಟು ಚಿಕ್ಕ ಊರಿನಲ್ಲಿ ಜಿಲ್ಲೆಯ ಎಲ್ಲ ಕಚೇರಿಗಳೂ ಇವೆ. 2016ರಲ್ಲಿ ಮೆಡಿಕಲ್ ಕಾಲೇಜೂ ಶುರುವಾಯಿತು. ಹೊಸ ಮನೆ ಕಟ್ಟೋಣ ಅಂದರೆ ಸಮತಟ್ಟು ಜಾಗ ಇಲ್ಲ. ಸುತ್ತ ಇರೋದು ಕಾಫಿ ತೋಟ, ಅದರಲ್ಲೂ ಜಮ್ಮಾ ಬಾಣೆ, ಅಂದರೆ ಇಲ್ಲಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಾಗ. ಪಹಣಿಯಲ್ಲಿ ಪಟ್ಟೆದಾರರ (ಮನೆತನದ ಮುಖ್ಯಸ್ಥರ) ಹೆಸರು, ಹಕ್ಕು ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ. ಸೈಟ್ ಮಾಡಿ ಮಾರೋದು ನಮ್ಮ ಬಯಲುಸೀಮೆಯ ಹಾಗೆ ಸುಲಭದ ಮಾತಲ್ಲ.

ಇದರ ಮೇಲೆ ಹೋಂಸ್ಟೇ. ಈ ಲೆಕ್ಕ ನನಗೆ ಗೊತ್ತಾಗಿದ್ದು ಹೇಗೆ ಅಂದರೆ, ನನ್ನನ್ನೇ ಮನೆ ಖಾಲಿ ಮಾಡಿಸಿದಾಗ. 2019ರ ಜುಲೈ ಕೊನೆಗೆ ಒಂದು ಮನೆಯ ಮೇಲಂತಸ್ತು ಸಿಕ್ಕಿತ್ತು. ಬಾಡಿಗೆ 7,500, ಅಡ್ವಾನ್ಸ್ 50 ಸಾವಿರ. ಓನರ್ ಅಂಕಲ್ ಒಳ್ಳೆಯವರೇ. ಲಾಕ್‌ಡೌನ್‌ನಲ್ಲಿ ಊರಿಗೆ ಟೂರಿಸ್ಟ್ ಒಬ್ಬರೂ ಇಲ್ಲದಾಗ "ನೀವು ಇರಿ ಟೀಚರೇ, ನೀವಿದ್ರೆ ಮನೆಯಲ್ಲಿ ದೀಪ ಇರ್ತದೆ" ಅಂದವರು. 2021ರ ಕೊನೆಗೆ ರಾಜಾಸೀಟ್ ಹತ್ತಿರ ಮತ್ತೆ ಕಾರುಗಳ ಸಾಲು ಶುರುವಾಯಿತು. ಒಂದು ಸಂಜೆ ಕಾಫಿಗೆ ಕರೆದರು. ಪೇಪರಿನ ಅಂಚಿನಲ್ಲಿ ಪೆನ್ನಿನಿಂದ ಬರೆದೇ ತೋರಿಸಿದರು. ಎರಡು ರೂಮು, ಶನಿವಾರ ಭಾನುವಾರ ಎರಡು ರಾತ್ರಿ, ರೂಮಿಗೆ 2,000. ಒಂದು ವಾರಕ್ಕೆ 8,000. "ನೀವು ತಿಂಗಳಿಗೆ ಏಳೂವರೆ ಕೊಡ್ತೀರಿ. ಎಂತ ಮಾಡುದು ಹೇಳಿ." ನನಗೂ ಉತ್ತರ ಹೊಳೆಯಲಿಲ್ಲ. ಲೆಕ್ಕ ಸರಿಯಾಗೇ ಇತ್ತು. ಇಲ್ಲಿ ಬಾಡಿಗೆ ನಿಂತಿರೋದು ನಮ್ಮ ಸಂಬಳದ ಮೇಲಲ್ಲ, ವಾರಕ್ಕೆ ಎರಡು ದಿನ ಬೆಂಗಳೂರಿಂದ ಬರುವವರ ಜೇಬಿನ ಮೇಲೆ. ಆದರೆ ಮನೆಬಾಡಿಗೆ ಭತ್ಯೆ ನೋಡಿ. ಏಳನೇ ವೇತನ ಆಯೋಗ ಜಾರಿಯಾದ ಮೇಲೆ ಬೆಂಗಳೂರಿನವರಿಗೆ ಶೇ. 20, ಮಡಿಕೇರಿಯಂಥ ಊರಿಗೆ ಶೇ. 7.5. ನಿಮಗೆ ಸುಮಾರು 3,000 ಬರುತ್ತದೆ. ಉಳಿದಿದ್ದು ಕೈಯಿಂದ.

ಅಡ್ವಾನ್ಸ್ ವಾಪಸ್ ಬರುವಾಗ 41 ಸಾವಿರ ಬಂತು. 9 ಸಾವಿರ ಗೋಡೆಯ ಬೂಷ್ಟಿಗಂತೆ! ಬೂಷ್ಟು ನಾನೇ ಬೆಳೆಸಿದ ಹಾಗೆ. ಹನ್ನೊಂದು ತಿಂಗಳ ಕರಾರುಪತ್ರ ಇತ್ತು, ಅದನ್ನ ರಿನ್ಯೂ ಮಾಡಿಸಿಯೇ ಇರಲಿಲ್ಲ. ಅದು ನನ್ನ ತಪ್ಪು. ನೀವು ಬರೆಸುವಾಗ ಮೂರು ತಿಂಗಳ ನೋಟಿಸ್ ಅಂತ ಹಾಕಿಸಿ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನೋದನ್ನೂ ರೂಪಾಯಿ ಲೆಕ್ಕದಲ್ಲೇ ಬರೆಸಿ. ಮೊದಲ ದಿನ ಗೋಡೆಗಳ ಫೋಟೋ ತೆಗೆದಿಡಿ. ಅಂಕಲ್ ಒಳ್ಳೆಯವರು ಅಂತ ನಾನು ತೆಗೆದಿರಲಿಲ್ಲ.

ಹುಡುಕೋದು ಎಲ್ಲಿ? ಮೊಬೈಲ್ ಬಿಡಿ. ಬೆಳಿಗ್ಗೆ "ಶಕ್ತಿ" ಪೇಪರ್ ತಗೊಳ್ಳಿ. 1957ರಿಂದ ಮಡಿಕೇರಿಯಲ್ಲೇ ಅಚ್ಚಾಗೋ ಪೇಪರ್. ಮನೆ ಬಾಡಿಗೆಗಿದೆ ಅನ್ನೋ ಸಣ್ಣ ಜಾಹೀರಾತು ಕಂಡರೆ ಎಂಟು ಗಂಟೆಯೊಳಗೆ ಫೋನ್ ಮಾಡಿ. ಹತ್ತು ಗಂಟೆಗೆ ಮಾಡಿದರೆ "ಆಯ್ತಲ್ಲ" ಅಂತಾರೆ. ಆದರೆ ಒಳ್ಳೆ ಮನೆಗಳು ಪೇಪರಿಗೂ ಬರೋದಿಲ್ಲ. ಬಾಯಿಂದ ಬಾಯಿಗೇ ಹೋಗುತ್ತವೆ. ನಿಮ್ಮ ಕಚೇರಿಯ ಅಟೆಂಡರ್, ಹಾಲು ಹಾಕುವವರು, ಗ್ಯಾಸ್ ಸಿಲಿಂಡರ್ ತರುವವರು, ಇವರಿಗೆ ಬ್ರೋಕರ್‌ಗಿಂತ ಜಾಸ್ತಿ ಗೊತ್ತಿರುತ್ತೆ. ಬ್ರೋಕರ್ ನನ್ನ ಹತ್ತಿರ ಒಂದು ತಿಂಗಳ ಬಾಡಿಗೆ ಕೇಳಿದ್ದ, ತೋರಿಸಿದ ಮೂರರಲ್ಲಿ ಎರಡು ಆಗಲೇ ಹೋಗಿದ್ದವು. ನಿಮಗೊಂದು ಅನುಕೂಲ ಇದೆ, ಸಂಸಾರಸ್ಥರು, ಸರ್ಕಾರಿ ನೌಕರಿ. ಒಂಟಿ ಹುಡುಗರ ಪಾಡು ಬೇಡ. ಜಾತಿ ಕೇಳುವವರು ಇಲ್ಲೂ ಇದ್ದಾರೆ, ಇಲ್ಲ ಅಂತ ಸುಳ್ಳು ಹೇಳೋದಿಲ್ಲ. ಮಾಂಸ ಬೇಯಿಸ್ತೀರಾ ಅಂತ ಮಾತ್ರ ನನ್ನನ್ನ ಯಾರೂ ಕೇಳಲಿಲ್ಲ. ಬೆಂಗಳೂರಲ್ಲಿ ನನ್ನ ತಮ್ಮನಿಗೆ ಮೊದಲ ಪ್ರಶ್ನೆಯೇ ಅದು.

ಸರ್ಕಾರಿ ಕ್ವಾರ್ಟರ್ಸ್‌ಗೆ ಡ್ಯೂಟಿ ರಿಪೋರ್ಟ್ ಮಾಡಿದ ದಿನವೇ ಅರ್ಜಿ ಕೊಡಿ. ಸಿಕ್ಕರೆ ಮನೆಬಾಡಿಗೆ ಭತ್ಯೆ ನಿಲ್ಲುತ್ತೆ, ಮನೆ ಹಳೇದಿರಬಹುದು. ಆದರೂ ಹೋಂಸ್ಟೇ ಮಾಡ್ತೀವಿ, ಖಾಲಿ ಮಾಡಿ ಅಂತ ಯಾರೂ ಬರೋದಿಲ್ಲ. ದಸರಾ ಹತ್ತಿರ ಬಂದಾಗ ಮಾತ್ರ ಮನೆ ಹುಡುಕೋಕೆ ಹೋಗಬೇಡಿ. ದಶಮಂಟಪದ (ವಿಜಯದಶಮಿಗೆ ಹತ್ತು ಮಂಟಪಗಳ ಮೆರವಣಿಗೆ) ರಾತ್ರಿಗೆ ಇಲ್ಲಿ ಮೆಟ್ಟಿಲ ಮೇಲೂ ಜನ ಮಲಗಿರ್ತಾರೆ.

ಈಗ ನಾನಿರೋದು ಸುಂಟಿಕೊಪ್ಪದಲ್ಲಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗುವ ಹೈವೇಯಲ್ಲಿ, ಸುಮಾರು 15 ಕಿಲೋಮೀಟರ್. ಎರಡು ರೂಮು, ಹಿಂದೆ ಬಚ್ಚಲಿನಲ್ಲಿ ಹಂಡೆ ಒಲೆ, ಬಾಡಿಗೆ 6,500. ಆ ಹಂಡೆ ಒಲೆ ನೋಡಿಯೇ ಒಪ್ಪಿಕೊಂಡೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಮೂರು ದಿನ ಬರದೇ ಇರೋದುಂಟು, ಗೀಸರ್ ಗೋಡೆಗೆ ಅಂಟಿಸಿದ ಗೊಂಬೆ ಅಷ್ಟೇ. ಒಲೆ ಇದ್ದರೆ ಬಿಸಿನೀರೂ ಆಯಿತು, ಮೇಲೆ ಹಗ್ಗ ಕಟ್ಟಿದರೆ ಮಗುವಿನ ಬಟ್ಟೆಯೂ ಒಣಗಿತು. ಬಟ್ಟೆಗೆ ಸ್ವಲ್ಪ ಹೊಗೆ ವಾಸನೆ ಬರುತ್ತೆ. ನಮ್ಮ ಶಾಲೆಯಲ್ಲಿ ಜುಲೈನಲ್ಲಿ ಎಲ್ಲರ ಮೈಯಲ್ಲೂ ಅದೇ ವಾಸನೆ, ಯಾರಿಗೂ ಗೊತ್ತಾಗೋದಿಲ್ಲ.

ಬಸ್ಸಿನ ಚಿಂತೆ ಇಲ್ಲ. ಮೈಸೂರು, ಮಡಿಕೇರಿ, ಮಂಗಳೂರು ಅಂತ ಓಡಾಡೋ ಕೆಎಸ್‌ಆರ್‌ಟಿಸಿ ಬಸ್ಸುಗಳು ಸಿಗುತ್ತವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. (ಇಲ್ಲಿ ಶಕ್ತಿ ಅಂದರೆ ಮೂರು. ದಸರೆಗೆ ಕರಗ ಹೊರಡಿಸುವ ಶಕ್ತಿ ದೇವತೆಗಳು, ಬೆಳಗಿನ ಪೇಪರು, ಈಗ ಬಸ್ಸು. ಮೂರೂ ನನ್ನನ್ನ ಕಾಪಾಡಿವೆ.) ನೀವು ಟಿಕೆಟ್ ತಗೋಬೇಕು, ನಿಮ್ಮ ಮನೆಯವರಿಗೆ ಉಚಿತ. ಆದರೆ ಒಳಗಿನ ಊರುಗಳಿಗೆ ಹೋಗೋದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಅದರಲ್ಲಿ ಎಲ್ಲರಿಗೂ ದುಡ್ಡೇ. ಬೋಯಿಕೇರಿ ತಿರುವುಗಳಲ್ಲಿ ಮಂಜು ಬಿದ್ದರೆ ಬಸ್ಸು ನಿಧಾನ ಆಗುತ್ತೆ, ಹತ್ತು ನಿಮಿಷ ಮುಂಚೆ ಹೊರಡಿ.

ಇನ್ನೂ ಮುಂದೆ ಹೋದರೆ ಕುಶಾಲನಗರ, ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್. ಊರು ಸಮತಟ್ಟು, ಮಳೆ ಎಷ್ಟೋ ಕಮ್ಮಿ, ಬಟ್ಟೆ ಒಣಗುತ್ತೆ, ಮನೆಗಳೂ ಜಾಸ್ತಿ. ಅಲ್ಲಿ ಬರೆಯ ಭಯ ಇಲ್ಲ, ಹೊಳೆಯ ಭಯ ಇದೆ. 2018, 2019 ಎರಡೂ ವರ್ಷ ದಂಡೆಯ ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. ಪಕ್ಕದ ಮನೆಯವರನ್ನ ಕೇಳಿ, ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೋಡೆ ಮೇಲೇ ಕೈಯಿಟ್ಟು ತೋರಿಸ್ತಾರೆ. ಮಡಿಕೇರಿಯ ಇನ್ನೊಂದು ಕಡೆಗೆ ಮೂರ್ನಾಡು ಇದೆ, ಅದೂ ಹೆಚ್ಚುಕಮ್ಮಿ ಸುಂಟಿಕೊಪ್ಪದಷ್ಟೇ ದೂರ. ನಮ್ಮ ಇಬ್ಬರು ಟೀಚರ್ ಅಲ್ಲಿಂದ ಬರ್ತಾರೆ.

ಕರೆಂಟ್ ಮೀಟರ್ ಬೇರೆ ಇದೆಯಾ ಅಂತ ಕೇಳೋದು ಮರೀಬೇಡಿ. ಓನರ್ ಜೊತೆ ಒಂದೇ ಮೀಟರ್ ಇದ್ದರೆ ಗೃಹಜ್ಯೋತಿ ನಿಮಗೆ ದಕ್ಕೋದಿಲ್ಲ, ತಿಂಗಳು ತಿಂಗಳು ಜಗಳ ಬೇರೆ. ಮತ್ತೆ ನೀರು. ಇಷ್ಟು ಇಂಚು ಮಳೆ ಸುರಿಯುವ ಊರಲ್ಲಿ (ಇಲ್ಲಿ ಮಳೆಯನ್ನ ಇಂಚಿನಲ್ಲೇ ಹೇಳೋದು, ನಿಮಗೂ ಒಂದು ತಿಂಗಳಲ್ಲಿ ಬಾಯಿಗೆ ಬರುತ್ತೆ) ಏಪ್ರಿಲ್‌ನಲ್ಲಿ ನಲ್ಲಿ ಒಣಗಿರುತ್ತೆ ಅಂದರೆ ನಮ್ಮ ಊರಲ್ಲಿ ಯಾರೂ ನಂಬಲಿಲ್ಲ. ಬಾವಿ ಇರುವ ಮನೆಗೆ 500 ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಆಗುವುದಾದರೆ ಮೊದಲು ನೀವೊಬ್ಬರೇ ಬನ್ನಿ. ಒಂದು ತಿಂಗಳು ಪಿಜಿಯಲ್ಲಿದ್ದು ಹುಡುಕಿ. ಜೋರು ಮಳೆ ಬರುತ್ತಿರುವಾಗಲೇ ಮನೆ ನೋಡೋಕೆ ಹೋಗಿ, ನೆನೆದರೂ ಪರವಾಗಿಲ್ಲ. ಮಾರ್ಚ್‌ನಲ್ಲಿ ನೋಡಿದ ಮನೆಗೂ ಜುಲೈನಲ್ಲಿ ಇರುವ ಮನೆಗೂ ಸಂಬಂಧವೇ ಇರೋದಿಲ್ಲ.

ನಿಮ್ಮ ಕಚೇರಿ ಪೇಟೆಯ ಯಾವ ಕಡೆ ಅಂತ ಬರೆಯಿರಿ. ಚೈನ್‌ಗೇಟ್ ಕಡೆಯಾದರೆ ಸುಂಟಿಕೊಪ್ಪ ಬಹಳ ಅನುಕೂಲ. ನಮ್ಮ ಬೀದಿಯಲ್ಲಿ ಒಂದು ಮನೆ ತಿಂಗಳ ಕೊನೆಗೆ ಖಾಲಿಯಾಗುತ್ತಂತೆ, ಮೊನ್ನೆ ಹಾಲಿನವರು ಹೇಳಿದರು. ಬರೆ ದೂರ ಇದೆ, ಅದು ನಾನೇ ನೋಡಿದ್ದೀನಿ. ಬಾವಿ ಇದೆಯಾ ಅಂತ ನಾಳೆ ಕೇಳಿ ಹೇಳ್ತೀನಿ.