ಗೆರೆ ಎಳೆದ ಮೇಲೆ ಒಳಗುಳಿದವರ ಪಾಡೇನು?

ಪ್ರಶ್ನೆ: 1956ರಲ್ಲಿ ಭಾಷೆ ನೋಡಿ ರಾಜ್ಯ ಕಟ್ಟಿದರು, ನಮ್ಮ ಕಡೆ ತಣ್ಣಗಾಯಿತು. ಹಾಗಿದ್ದರೆ ಮಣಿಪುರದಂಥ ಕಡೆ ಬಡಿದಾಡುವ ಜನಾಂಗಗಳಿಗೆ ಒಂದೊಂದು ರಾಜ್ಯ ಕೊಟ್ಟುಬಿಟ್ಟರೆ ಮುಗಿಯಿತಲ್ಲ? ಸಂವಿಧಾನದ ಅಡ್ಡಿ ಏನು?
(ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಧಾರವಾಡ)

ಉತ್ತರ: ಸಂವಿಧಾನದ ಅಡ್ಡಿ ಕಡಿಮೆಯೇ. 3ನೇ ವಿಧಿಯಂತೆ ರಾಷ್ಟ್ರಪತಿಯ ಶಿಫಾರಸಿನ ಮೇಲೆ ಮಸೂದೆ ಬರಬೇಕು, ಆ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಸಂಸತ್ತಿನಲ್ಲಿ ಸಾದಾ ಬಹುಮತ ಸಾಕು. ರಾಜ್ಯದ ಒಪ್ಪಿಗೆ ಬೇಕೇ ಬೇಕು ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ಮಸೂದೆ ತಿರಸ್ಕರಿಸಿತ್ತು. ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು.

ಅಡ್ಡಿ ಇರುವುದು ನೆಲದ ಮೇಲೆ. ನಮ್ಮ ಭಾಗವನ್ನೇ ನೋಡಿ. ಗದಗ ಮುಂಬಯಿ ಪ್ರಾಂತದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜದ್ದು, ಆಚೆ ಸವಣೂರು ನವಾಬರದು. ಆದರೆ ಅಷ್ಟೂ ಊರಿನ ಸಂತೆ, ಬೀಗತನ, ಬೈದಾಟ ಕನ್ನಡದಲ್ಲೇ ನಡೆಯುತ್ತಿತ್ತು. ಇದ್ದ ಗೆರೆ ಅಳಿಸುವುದಷ್ಟೇ ಕೆಲಸ. (ಅಷ್ಟಕ್ಕೂ 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಉಪವಾಸ ಕೂರಬೇಕಾಯಿತು.) ಇನ್ನೊಂದು ಅನುಕೂಲವೂ ಇತ್ತು: ಕನ್ನಡಿಗರದು ಒಂದೇ ಜಾತಿಯಲ್ಲ, ಒಂದೇ ಧರ್ಮವಲ್ಲ. ಒಂದು ವಿಷಯಕ್ಕೆ ಎದುರು ನಿಂತವರು ಮತ್ತೊಂದಕ್ಕೆ ಪಕ್ಕದಲ್ಲಿ ನಿಲ್ಲುತ್ತಾರೆ. ಜನ ಬೆರೆತಿದ್ದ ಬೆಳಗಾವಿಯಲ್ಲಿ ಮಾತ್ರ ಇದೇ ಸೂತ್ರ ಸಲೀಸಾಗಲಿಲ್ಲ. ಗಡಿ ತಕರಾರು ಬಗೆಹರಿಸಲು ನೇಮಿಸಿದ ಮಹಾಜನ ಆಯೋಗದ 1967ರ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಮಣಿಪುರದಲ್ಲಿ ಮೈತೇಯಿಗಳು ಹೆಚ್ಚಾಗಿ ಇಂಫಾಲ ಕಣಿವೆಯಲ್ಲಿದ್ದಾರೆ, ಕಣಿವೆ ರಾಜ್ಯದ ಸುಮಾರು ಹತ್ತನೇ ಒಂದು ಪಾಲು. ಉಳಿದದ್ದೆಲ್ಲ ಗುಡ್ಡ, ಮತ್ತು ಹಲವೆಡೆ ಒಂದೇ ಗುಡ್ಡಕ್ಕೆ ನಾಗಾ, ಕುಕಿ ಎಂದು ಇಬ್ಬರು ಹಕ್ಕುದಾರರು. ಕುಕಿಗಳಿಗೆಂದು ಗೆರೆ ಎಳೆದ ಮರುದಿನವೇ ಅದರೊಳಗಿನ ನಾಗಾ ಹಳ್ಳಿ ಅಲ್ಪಸಂಖ್ಯಾತವಾಗುತ್ತದೆ. ಗುಡ್ಡದವರಿಗಾಗಿ 371ಸಿ ವಿಧಿಯ ಗುಡ್ಡಗಾಡು ಸಮಿತಿ ಇದೆಯಲ್ಲ ಎನ್ನಬಹುದು. ಅದು ಶಾಸಕರ ಸಮಿತಿ, ಅದಕ್ಕೆ ಸ್ವಂತ ಖಜಾನೆ ಇಲ್ಲ. ದುಡ್ಡಿಲ್ಲದ ಅಧಿಕಾರ ಮನವಿ ಬರೆಯುವ ಅಧಿಕಾರವಾಗಿ ಉಳಿಯುತ್ತದೆ.

ಒಂದು ದೊಡ್ಡ ಜನಾಂಗಕ್ಕೆ ಒಂದೇ ದೊಡ್ಡ ಪ್ರಾಂತ ಕೊಟ್ಟರೆ ಏನಾಗುತ್ತದೆಂದು ನೈಜೀರಿಯಾ ತೋರಿಸಿತು. 1960ರಲ್ಲಿ ಅಲ್ಲಿ ಮೂರೇ ಪ್ರಾಂತಗಳು. ಒಂದೊಂದರಲ್ಲಿ ಒಂದೊಂದು ಜನಾಂಗದ ಮೇಲುಗೈ. ಕೇಂದ್ರ ಹಿಡಿಯುವ ಪೈಪೋಟಿ, ಪೂರ್ವ ಪ್ರಾಂತ ಬೇರೆ ದೇಶವಾಗಲು ಹೊರಟ 1967–70ರ ಬಿಯಾಫ್ರಾ ಯುದ್ಧದವರೆಗೂ ಹೋಯಿತು. 1967ರಲ್ಲಿ 12 ರಾಜ್ಯ ಮಾಡಿದರು, ಈಗ 36. ದೊಡ್ಡ ಜನಾಂಗಗಳೇ ಹಲವು ರಾಜ್ಯಗಳಿಗೆ ಹಂಚಿಹೋದವು. ಅಧ್ಯಕ್ಷನಾಗಲು ಒಟ್ಟು ಮತ ಹೆಚ್ಚಿದ್ದರೆ ಸಾಲದು, ಮೂರನೇ ಎರಡರಷ್ಟು ರಾಜ್ಯಗಳಲ್ಲಿ ತಲಾ ಕಾಲುಭಾಗ ಮತವಾದರೂ ಬೇಕು; ಹೀಗಾಗಿ ತನ್ನವರನ್ನಷ್ಟೇ ನೆಚ್ಚಿ ಗೆಲ್ಲಲಾಗದು. ಇದರ ದೋಷವೂ ಇದೆ: ಹೆಚ್ಚಿನ ರಾಜ್ಯಗಳು ಕೇಂದ್ರ ಹಂಚುವ ತೈಲದ ಹಣಕ್ಕೆ ಕೈಯೊಡ್ಡಿಯೇ ನಿಂತಿವೆ.

ಗೆರೆ ಎಳೆಯಲೇಬೇಕಾದರೆ ಸ್ವಿಸ್ಸರ ಕ್ರಮ ನನಗೆ ಮೆಚ್ಚುಗೆ. ಬರ್ನ್ ರಾಜ್ಯದಿಂದ ಜೂರಾ ಪ್ರದೇಶ ಬೇರೆಯಾಗುವಾಗ 1974ರಲ್ಲಿ ಮೊದಲು ಇಡೀ ಪ್ರದೇಶದ ಮತ ಕೇಳಿದರು. 1975ರಲ್ಲಿ ಜಿಲ್ಲೆಗಳಿಗೆ, ಆಮೇಲೆ ಗಡಿಯಂಚಿನ ಊರುಗಳಿಗೆ ಮತ್ತೆ ಕೇಳಿದರು. ಹೊಸ ರಾಜ್ಯ ಶುರುವಾದದ್ದು 1979ಕ್ಕೆ. ನಿಧಾನ ಎನಿಸಬಹುದು. ಆದರೆ ಸೋತ ಊರಿಗೂ ತನ್ನ ಮತ ಎಣಿಸಿದ್ದಾರೆಂದು ಗೊತ್ತಿರುತ್ತದೆ. ಜನ ಒಬ್ಬರ ಮನೆ ಒಬ್ಬರು ಸುಡುತ್ತಿರುವಾಗ ಮಾತ್ರ ಈ ಕ್ರಮ ನಡೆಯದು. ಮೊದಲು ಓಡಿಹೋದವರು ಊರಿಗೆ ಮರಳಬೇಕು, ಇಲ್ಲದಿದ್ದರೆ ಓಡಿಸಿದವರೇ ಮತ ಹಾಕಿ ಗೆಲ್ಲುತ್ತಾರೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದಾರೆ, ಉರ್ದು ಶಿಕ್ಷಕರಿಲ್ಲ. ಯಾರನ್ನು ಕೇಳಬೇಕು?
(ಎಸ್‌ಡಿಎಂಸಿ ಸದಸ್ಯರು, ಹಾವೇರಿ ಜಿಲ್ಲೆ)

ಉತ್ತರ: ರಾಜ್ಯ ಪುನರ್ವಿಂಗಡಣೆ ಆದಾಗಲೇ, ಗೆರೆಯೊಳಗೆ ಉಳಿಯುವ ಇಂಥವರಿಗಾಗಿ ಸಂವಿಧಾನದ 7ನೇ ತಿದ್ದುಪಡಿಯಲ್ಲಿ 350ಎ (ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ), 350ಬಿ (ಭಾಷಾ ಅಲ್ಪಸಂಖ್ಯಾತರಿಗೊಬ್ಬ ವಿಶೇಷ ಅಧಿಕಾರಿ) ವಿಧಿ ಸೇರಿಸಿದರು. ಒಪ್ಪಿಕೊಂಡ ಅಳತೆ: ತರಗತಿಗೆ 10 ಅಥವಾ ಇಡೀ ಶಾಲೆಗೆ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಕ.

ಮೊದಲು ದಾಖಲಾತಿ ಪುಸ್ತಕ ತೆಗೆಸಿ ಮಾತೃಭಾಷೆಯ ಕಲಂ ನೋಡಿ. ಬಹಳ ಕಡೆ ಕೆಲಸ ಕೆಡುವುದು ಇಲ್ಲೇ. ಪ್ರವೇಶದ ಗಡಿಬಿಡಿಯಲ್ಲಿ ಮೇಲಿನಿಂದ ಕೆಳತನಕ ‘ಕನ್ನಡ’ ಎಂದು ಬರೆದಿರುತ್ತಾರೆ, ಲೆಕ್ಕದಲ್ಲಿ ಉರ್ದು ಮಗು ಒಂದೂ ಇರುವುದಿಲ್ಲ. ಅದನ್ನು ಪಾಲಕರ ಅರ್ಜಿಯಿಂದ ಸರಿಪಡಿಸಿ. ಶಾಲೆ ಶುರುವಾಗುವ ಮೂರು ತಿಂಗಳ ಮೊದಲೇ ತರಗತಿವಾರು ಪಟ್ಟಿ, ಪಾಲಕರ ಸಹಿ, ಎಸ್‌ಡಿಎಂಸಿ ಠರಾವು ಸೇರಿಸಿ ಬಿಇಒಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿ ಡಿಡಿಪಿಐ ಕಚೇರಿಗೆ. ಉತ್ತರ ಬಾರದಿದ್ದರೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಿರಿ. ಅವರು ದಂಡ ಹಾಕಲಾರರು, ಆದರೆ ಅವರ ವರದಿ ಸಂಸತ್ತಿನ ಮುಂದೆ ಹೋಗುತ್ತದೆ. ಸಂಖ್ಯೆ ಇಳಿದರೆ ಬಂದ ಶಿಕ್ಷಕರನ್ನು ‘ಹೆಚ್ಚುವರಿ’ ಎಂದು ಬೇರೆ ಕಡೆ ಹಾಕುತ್ತಾರೆ, ಪಟ್ಟಿಯನ್ನು ಪ್ರತಿವರ್ಷ ಹೊಸದು ಮಾಡಿ. ಕನ್ನಡ ಕಲಿಕೆ ಬಿಡಿಸಬೇಡಿ. ನಾಳೆ ಆ ಮಕ್ಕಳು ನಿಲ್ಲುವುದು ಇಲ್ಲಿನ ಕಚೇರಿಗಳ ಮುಂದೆಯೇ.

ಪ್ರಶ್ನೆ: ನಮ್ಮ ಹೊಲ ದಾಟಿದರೆ ಕೊಪ್ಪಳ ಜಿಲ್ಲೆ. ಅವರಿಗೆ 371ಜೆ, ನಮಗೆ ಯಾಕಿಲ್ಲ?
(ರೈತರು, ಮುಂಡರಗಿ ತಾಲ್ಲೂಕು)

ಉತ್ತರ: 371ಜೆ ಎಂದರೆ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ ವಿಧಿ. ಅದನ್ನು ತಂದ 98ನೇ ತಿದ್ದುಪಡಿ ಬಂದಾಗ ಅಳತೆಗೋಲು ಹಳೆಯ ಹೈದರಾಬಾದ್ ಸಂಸ್ಥಾನದ ಗಡಿಯಾಗಿತ್ತು, ಮುಂಡರಗಿ ಅದರ ಹೊರಗೆ. ಆದರೆ ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿಯೂ ಪಟ್ಟಿಯಲ್ಲಿದೆ, ಆದ್ದರಿಂದ ಅಳತೆಗೋಲು ಅಷ್ಟೇನೂ ನೆಟ್ಟಗಿಲ್ಲ. 2002ರ ನಂಜುಂಡಪ್ಪ ಸಮಿತಿ ತಾಲ್ಲೂಕನ್ನೇ ಘಟಕ ಮಾಡಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಹಂಚಿಕೆಗೆ ಅದೇ ನ್ಯಾಯವಾದ ದಾರಿ ಎಂಬುದು ನನ್ನ ಅಭಿಪ್ರಾಯ. ಎರಡರ ತೂಕ ಮಾತ್ರ ಬೇರೆ. ಸಮಿತಿಯ ವರದಿಯಿಂದ ಬರುವುದು ಬಜೆಟ್ಟಿನ ಹಣ, ಒಂದು ವರ್ಷ ಬಂದೀತು, ಒಂದು ವರ್ಷ ತಪ್ಪೀತು. 371ಜೆ ಕೊಡುವುದು ಹುದ್ದೆ, ಸೀಟುಗಳಲ್ಲಿ ಮೀಸಲು. ಹೊಲ ಆಚೆ ಇದ್ದ ಮಾತ್ರಕ್ಕೆ ಅದು ಸಿಗದು. ಪ್ರಮಾಣಪತ್ರ ಕೊಡುವ ಉಪವಿಭಾಗಾಧಿಕಾರಿ ನೋಡುವುದು ನಿಮ್ಮ ಹುಟ್ಟು, ವಾಸದ ದಾಖಲೆಗಳನ್ನು, ಪಹಣಿಯೊಂದನ್ನೇ ಅಲ್ಲ.