ಚಳಿನಾಡಿನ ಇನುಯಿಟ್ ಜನ ಅಷ್ಟೊಂದು ಸಿಗರೇಟ್ ಸೇದಿದರೂ ಅವರಿಗೆ ಶುಗರ್ ಬರಲ್ವಂತೆ, ನಿಜವಾ?

ನೀವು ಕೇಳಿದ್ದು ಇಷ್ಟು: ಗ್ರೀನ್‌ಲ್ಯಾಂಡ್, ಅಲಾಸ್ಕಾ ಕಡೆಯ ಮೂಲನಿವಾಸಿಗಳು ವಿಪರೀತ ಸಿಗರೇಟ್ ಸೇದುತ್ತಾರೆ, ಆದರೂ ಅವರಿಗೆ ಶುಗರ್ ಬರುವುದಿಲ್ಲವಂತೆ, ಹೊಗೆ ಮೈ ಬೆಚ್ಚಗಿಟ್ಟು ಕೊಬ್ಬು ಕರಗಿಸುತ್ತದಂತೆ, ಹೌದಾ? ಜೊತೆಗೆ ನಿಮ್ಮ ದೊಡ್ಡಪ್ಪ ಸಿಗರೇಟ್ ಬಿಟ್ಟ ಮೇಲೆಯೇ ದಪ್ಪಗಾಗಿ ಶುಗರ್ ಬರಿಸಿಕೊಂಡರು ಎಂದೂ ಬರೆದಿದ್ದೀರಿ.

ನಾನು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುವವನು. ಚಳಿಗೆ ದೇಹ ಹೇಗೆ ಒಗ್ಗಿಕೊಳ್ಳುತ್ತದೆ ಎನ್ನುವ ಪಾಠ ಬಂದಾಗ ಯಾರಾದರೂ ಒಬ್ಬ ಹುಡುಗ ಇದನ್ನು ಕೇಳಿಯೇ ಕೇಳುತ್ತಾನೆ. ಸೇದುತ್ತಾರೆ, ಅದು ನಿಜ. ಇನುಯಿಟ್ ಜನರೇ ಹೆಚ್ಚಿರುವ ಕೆನಡಾದ ನೂನವುಟ್‌ನಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸೇದುತ್ತಾರೆ. ಗ್ರೀನ್‌ಲ್ಯಾಂಡಿನಲ್ಲೂ ಹೆಚ್ಚುಕಮ್ಮಿ ಅದೇ ಕಥೆ. ಶುಗರ್ ಬರುವುದಿಲ್ಲ ಎನ್ನುವುದು ಅರವತ್ತು ವರ್ಷ ಹಳೆಯ ಮಾತು. ಬೆಚ್ಚಗಿಡುತ್ತದೆ ಎನ್ನುವುದು ಸುಳ್ಳು. ಸೇದುವವರ ತೂಕ ಸರಾಸರಿ ಸ್ವಲ್ಪ ಕಡಿಮೆ ಇರುತ್ತದೆ, ಒಪ್ಪಿದೆ. ಆದರೆ ಆ ತೂಕವನ್ನು ನಂಬಿ ಕೂರುವ ಹಾಗಿಲ್ಲ.

ಮೊದಲು ಚಳಿಯ ವಿಷಯ. ಇಂಥದೇ ಚಳಿಯಲ್ಲಿ ಬದುಕುವ ಸೈಬೀರಿಯಾದ ಎವೆಂಕಿ, ಯಾಕುತ್ ಜನರನ್ನು ಅಳೆದು ನೋಡಿದ್ದಾರೆ. ಸುಮ್ಮನೆ ಮಲಗಿದ್ದಾಗಲೂ ಅವರ ದೇಹ ಲೆಕ್ಕಕ್ಕಿಂತ ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ. ಇದರ ಹಿಂದೆ ಥೈರಾಯ್ಡ್ ಹಾರ್ಮೋನಿನ ಕೈವಾಡ ಇದೆ. ಅಂದರೆ ಅವರ ಒಲೆ ಒಳಗೇ ಉರಿಯುತ್ತಿದೆ, ಅದಕ್ಕೆ ಸಿಗರೇಟು ಬೇಕಾಗಿಲ್ಲ.

ನಿಕೋಟಿನ್ ಕೂಡ ಶಕ್ತಿ ಖರ್ಚು ಮಾಡಿಸುತ್ತದೆ, ಅದೂ ನಿಜವೇ. 1986ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಿಗರೇಟ್ ಚಟ ಇದ್ದವರನ್ನೇ ಒಂದು ಮುಚ್ಚಿದ ಕೋಣೆಯಲ್ಲಿ ಇರಿಸಿ ಅಳೆದರು. ಒಂದು ದಿನ 24 ಸಿಗರೇಟ್, ಇನ್ನೊಂದು ದಿನ ಒಂದೂ ಇಲ್ಲ. ಸೇದಿದ ದಿನ ಖರ್ಚು ಸುಮಾರು ಶೇ. 10ರಷ್ಟು ಜಾಸ್ತಿ, ಅಂದರೆ 200 ಕ್ಯಾಲೊರಿಯ ಆಸುಪಾಸು. 24 ಸಿಗರೇಟ್ ಸುಟ್ಟು ಎರಡು ಚಪಾತಿ ಕರಗಿಸಿದ ಲೆಕ್ಕ! ಹಸಿವೂ ಸ್ವಲ್ಪ ಕಮ್ಮಿ ಆಗುತ್ತದೆ. ತೂಕ ಕಡಿಮೆ ಇರುವುದು ಈ ಎರಡರಿಂದ.

ಆದರೆ ಅದೇ ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಚಳಿಯೂ ಮಾಡುವುದು ಅದನ್ನೇ. ಎರಡೂ ಸೇರಿದರೆ ಬೆರಳ ತುದಿಗೆ ರಕ್ತ ಹೋಗುವುದು ಇನ್ನೂ ಕಷ್ಟ. ಹೊರಗೆ ಮೈನಸ್ 30 ಡಿಗ್ರಿಯಲ್ಲಿ ಸೀಲ್ ಬೇಟೆಗೆ ಕೂತವನಿಗೆ ಇದು ತಮಾಷೆ ಅಲ್ಲ, ಬೆರಳು ಹಿಮಗಟ್ಟಿ ಕಪ್ಪಾಗುವ ಅಪಾಯ. ತಲೆಮಾರುಗಳಿಂದ ಚಳಿಯಲ್ಲಿ ಕೆಲಸ ಮಾಡಿದವರ ಬೆರಳಿಗೆ ಒಂದು ಒಳ್ಳೆಯ ಗುಣ ಇದೆ. ತಣ್ಣಗಾದ ಸ್ವಲ್ಪ ಹೊತ್ತಿಗೆ ನಾಳಗಳು ತಾವಾಗಿ ತೆರೆದುಕೊಂಡು ಬಿಸಿ ರಕ್ತ ಬಿಟ್ಟುಕೊಡುತ್ತವೆ, ಮತ್ತೆ ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ಪ್ರಕೃತಿ ಕೊಟ್ಟ ಆ ಅನುಕೂಲಕ್ಕೆ ಸಿಗರೇಟು ಅಡ್ಡಗಾಲು. ನಮ್ಮಲ್ಲೂ ಮಡಿಕೇರಿ ಚಳಿಗೆ ಒಂದು ದಮ್ಮು ಎಳೆದರೆ ಬೆಚ್ಚಗಾಗುತ್ತದೆ ಅನ್ನುವವರು ಇದ್ದಾರಲ್ಲ, ಅವರಿಗೂ ಇದೇ ಉತ್ತರ.

ಈಗ ಶುಗರ್. 1960ರ ದಶಕದಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಪರೀಕ್ಷೆ ಮಾಡಿದಾಗ ಸಕ್ಕರೆ ಕಾಯಿಲೆ ಅಪರೂಪವಾಗಿತ್ತು. ಸೀಲ್, ತಿಮಿಂಗಿಲ, ಮೀನು ತಿಂದು, ನಾಯಿಗಾಡಿ ಹಿಂದೆ ಓಡಿ ಬದುಕುತ್ತಿದ್ದ ಕಾಲ. 2000ದ ಹೊತ್ತಿಗೆ 35 ದಾಟಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಶುಗರ್ ಇತ್ತು. ಅಂಗಡಿಯ ಬ್ರೆಡ್ಡು, ಸಕ್ಕರೆ, ಕೋಲಾ ಬಂದವು, ಸ್ನೋಮೊಬೈಲ್ ಬಂತು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ.

ಇದರ ಮುಂದಿನ ಭಾಗವೇ ನನಗೆ ಹೆಚ್ಚು ಇಷ್ಟ. 2014ರಲ್ಲಿ ಗ್ರೀನ್‌ಲ್ಯಾಂಡಿನ ಜನರ ವಂಶವಾಹಿ ನೋಡುತ್ತಿದ್ದ ತಂಡಕ್ಕೆ ಟಿಬಿಸಿ1ಡಿ4 ಎಂಬ ಜೀನಿನಲ್ಲಿ ಒಂದು ಬದಲಾವಣೆ ಸಿಕ್ಕಿತು. ಊಟ ಆದ ಮೇಲೆ ಇನ್ಸುಲಿನ್ ಬಂದು ಬಾಗಿಲು ತಟ್ಟಿದಾಗ ಸ್ನಾಯುಗಳು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಬೇಕು. ಈ ಬದಲಾವಣೆ ಇದ್ದವರ ಸ್ನಾಯು ಆ ಕೆಲಸದಲ್ಲಿ ಸೋಮಾರಿ. ಅಲ್ಲಿ ನೂರರಲ್ಲಿ ನಾಲ್ಕು ಜನಕ್ಕೆ ಇದು ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಬಂದಿದೆ. ಅಂಥವರಿಗೆ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಹತ್ತು ಪಟ್ಟು. ಅರವತ್ತು ದಾಟುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರಿಗೆ ಬಂದೇ ಇರುತ್ತದೆ.

ಗಮ್ಮತ್ತು ಏನೆಂದರೆ, ಇವರ ಖಾಲಿ ಹೊಟ್ಟೆಯ ಶುಗರ್ ನೋಡಿದರೆ ಎಷ್ಟೋ ಸಲ ನಾರ್ಮಲ್. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಕೈಕೊಡಬಹುದು. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರೆ ಮಾತ್ರ ಬಣ್ಣ ಬಯಲು. ನಮ್ಮಲ್ಲಿ ಬಸುರಿಯರಿಗೆ ಮಾಡುತ್ತಾರಲ್ಲ, ಅದೇ ಪರೀಕ್ಷೆ. ಬರೀ ಬೆಳಗಿನ ರಕ್ತ ನೋಡಿ ಇವರಿಗೆ ಶುಗರ್ ಇಲ್ಲ ಎಂದು ಬರೆದರೆ ಎಷ್ಟು ಜನ ತಪ್ಪಿಹೋಗುತ್ತಾರೆ ನೋಡಿ. ನಿಮ್ಮ ಕಿವಿಗೆ ಬಿದ್ದ ಮಾತಿಗೆ ಇದೂ ಸ್ವಲ್ಪ ಗೊಬ್ಬರ ಹಾಕಿರಬಹುದು.

ತೂಕದ ಲೆಕ್ಕವೂ ಅಲ್ಲಿ ಬೇರೆ. ಒಂದೇ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಹೇಳುವ ಅಳತೆ) ಇರುವ ಒಬ್ಬ ಇನುಯಿಟ್, ಒಬ್ಬ ಯುರೋಪಿನವರನ್ನು ಹೋಲಿಸಿದರೆ, ಸರಾಸರಿಯಲ್ಲಿ ಇನುಯಿಟ್ ವ್ಯಕ್ತಿಯ ಬಿಪಿ ಮತ್ತು ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕಡಿಮೆ ಇರುತ್ತದೆ. ನಾವು ಭಾರತೀಯರು ಇದಕ್ಕೆ ಪೂರಾ ಉಲ್ಟಾ. ಸಣ್ಣ ದೇಹ, ಮುಂದೆ ಹೊಟ್ಟೆ, ರಿಪೋರ್ಟ್ ಹಾಳು. ಅದಕ್ಕೇ ನಮಗೆ ಬಿಎಂಐ 23ಕ್ಕೇ ಎಚ್ಚರಿಕೆ ಗಂಟೆ ಹೊಡೆಯುತ್ತಾರೆ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಎನ್ನುತ್ತಾರೆ.

ಈ ಗೊಂದಲದ ಮೇಲೆ ಸಿಗರೇಟು ಇನ್ನೊಂದು ಸುಳ್ಳು ಸೇರಿಸುತ್ತದೆ. ಸೇದುವವರ ಒಟ್ಟು ತೂಕ ಕಡಿಮೆ ಕಂಡರೂ ಕೊಬ್ಬು ಹೊಟ್ಟೆಯೊಳಗೆ, ಕರುಳು ಲಿವರ್ ಸುತ್ತ ಕೂರುವುದು ಜಾಸ್ತಿ. ಇನ್ಸುಲಿನ್ ಮಾತು ದೇಹ ಕೇಳುವುದು ಕಮ್ಮಿ ಆಗುತ್ತದೆ. ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ. ಹೀಗಾಗಿ ಸೇದದವರಿಗಿಂತ ಸೇದುವವರಿಗೆ ಟೈಪ್ 2 ಶುಗರ್ ಬರುವ ಸಾಧ್ಯತೆ ಶೇ. 30ರಿಂದ 40ರಷ್ಟು ಜಾಸ್ತಿ. ತಕ್ಕಡಿ ಒಂದು ಹೇಳುತ್ತದೆ, ರಕ್ತ ಇನ್ನೊಂದು ಹೇಳುತ್ತದೆ. ಮೊದಲೇ ಸ್ನಾಯು ಸೋಮಾರಿ ಆಗಿರುವ ಮನುಷ್ಯನಿಗೆ ಇದು ಬೇಕಿತ್ತಾ? ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು: ಇನುಯಿಟ್ ಜನರಲ್ಲಿ ಅದರ ಪ್ರಮಾಣ ಪ್ರಪಂಚದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು.

ಹಾಗಾದರೆ ಅಷ್ಟೊಂದು ಜನ ಯಾಕೆ ಸೇದುತ್ತಾರೆ? ಹೊಗೆಸೊಪ್ಪು ಅವರ ಮಣ್ಣಿನದ್ದಲ್ಲ, ಆ ಹಿಮದಲ್ಲಿ ಬೆಳೆಯುವುದೂ ಇಲ್ಲ. ಅಮೆರಿಕದ ಗಿಡ ಯುರೋಪಿಗೆ ಹೋಗಿ, ರಷ್ಯಾ ದಾಟಿ, ಸೈಬೀರಿಯಾದ ಚುಕ್ಚಿ ವ್ಯಾಪಾರಿಗಳ ಕೈಯಿಂದ ಬೇರಿಂಗ್ ಜಲಸಂಧಿ ಹಾಯ್ದು ಅಲಾಸ್ಕಾ ಸೇರಿತು. ಭೂಮಿ ಸುತ್ತು ಹಾಕಿ ವಾಪಸ್ ಅಮೆರಿಕಕ್ಕೇ! ಕೆನಡಾ ಕಡೆಗೆ ತಿಮಿಂಗಿಲ ಬೇಟೆಯ ಹಡಗಿನವರು, ತುಪ್ಪಳದ ವ್ಯಾಪಾರಿಗಳು ತಂದರು.

ಅಲಾಸ್ಕಾದ ನೈಋತ್ಯ ಭಾಗದಲ್ಲಿ, ಯೂಕಾನ್ ಮತ್ತು ಕಸ್ಕೊಕ್ವಿಮ್ ನದಿಗಳು ಸಮುದ್ರ ಸೇರುವ ಕಡೆ, ಇನುಯಿಟ್ ಜನರಿಗೆ ಹತ್ತಿರದ ಸಂಬಂಧಿಗಳಾದ ಯೂಪಿಕ್ ಜನ ಇಕ್ಮಿಕ್ ಎಂಬುದನ್ನು ಅಗಿಯುತ್ತಾರೆ. ಬರ್ಚ್ ಮರದ ಕಾಂಡದಲ್ಲಿ ಗೊರಸಿನ ಹಾಗೆ ಬೆಳೆಯುವ ಗಟ್ಟಿ ಅಣಬೆಯನ್ನು ಕಿತ್ತು, ಸುಟ್ಟು ಬೂದಿ ಮಾಡುತ್ತಾರೆ. ಆ ಬೂದಿಯನ್ನು ಹೊಗೆಸೊಪ್ಪಿನ ಎಲೆಗೆ ಕಲಸಿ ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ಬೂದಿ ಯಾಕೆ? ಅದು ಕ್ಷಾರ. ಕ್ಷಾರ ಸೇರಿದರೆ ನಿಕೋಟಿನ್ ಬಿಡಿಬಿಡಿಯಾಗಿ ಬಾಯಿಯ ಒಳಚರ್ಮದಿಂದ ಸರ್ರನೆ ರಕ್ತಕ್ಕೆ ಇಳಿಯುತ್ತದೆ. ನಮ್ಮವರು ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕುವುದೂ ಇದಕ್ಕೇ ಅಲ್ವಾ? ಎಲ್ಲಿಯ ಅಲಾಸ್ಕಾ, ಎಲ್ಲಿಯ ನಾವು, ಕೆಮಿಸ್ಟ್ರಿ ಮಾತ್ರ ಒಂದೇ. ಮನೆಯಲ್ಲೇ ಮಾಡಿದ್ದು, ಹೊಗೆ ಬೇರೆ ಇಲ್ಲ, ಹಾಗಾಗಿ ಸಿಗರೇಟಿಗಿಂತ ವಾಸಿ ಎಂದುಕೊಂಡು ಬಸುರಿಯರೂ ಹಾಕಿಕೊಳ್ಳುವುದುಂಟು.

ಯೂಪಿಕ್ ಜನರ ಲಿವರ್ ನಿಕೋಟಿನನ್ನು ಬಹಳ ಬೇಗ ಒಡೆದು ಹಾಕುತ್ತದೆ ಎನ್ನುವುದೂ ಗೊತ್ತಾಗಿದೆ. ಬೇಗ ಖಾಲಿ ಆದರೆ ಬೇಗ ಮತ್ತೆ ಬೇಕು ಅನಿಸುತ್ತದೆ. ಆ ಭಾಗದ ಮೂಲನಿವಾಸಿಗಳು ಸೇದುವುದು ದಿನಕ್ಕೆ ಎಂಟು ಸಿಗರೇಟಿನ ಆಸುಪಾಸು. ಆದರೆ ಒಂದೊಂದನ್ನೂ ಹೀರಿ ಹಿಂಡಿ ಒಂದು ಪ್ಯಾಕಿನಷ್ಟು ನಿಕೋಟಿನ್ ಎಳೆದುಕೊಳ್ಳುತ್ತಾರೆ. ಕಮ್ಮಿ ಸೇದುತ್ತೇನೆ ಎನ್ನುವ ಸಮಾಧಾನಕ್ಕೆ ಅಲ್ಲಿ ಬೆಲೆ ಇಲ್ಲ. ಹೀಗೆ ಬೇಗ ಒಡೆಯುವವರಿಗೆ ಸಿಗರೇಟ್ ಬಿಡಲು ನಿಕೋಟಿನ್ ಪ್ಯಾಚ್‌ಗಿಂತ ವರೆನಿಕ್ಲಿನ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಇದು ಯಾವ ದೇಶದವರಿಗಾದರೂ ಅನ್ವಯಿಸುವ ಮಾತು.

ಇನ್ನು ನಿಮ್ಮ ದೊಡ್ಡಪ್ಪ. ಅವರ ವಿಷಯದಲ್ಲಿ ನೀವು ನೋಡಿದ್ದು ಸುಳ್ಳಲ್ಲ. ಸಿಗರೇಟ್ ಬಿಟ್ಟ ವರ್ಷದಲ್ಲಿ ಸರಾಸರಿ ನಾಲ್ಕೈದು ಕೆಜಿ ಏರುತ್ತದೆ. ನಾಲಿಗೆಗೆ ರುಚಿ ವಾಪಸ್ ಬರುತ್ತದೆ, ಕೈ ಸುಮ್ಮನಿರದೆ ಚಕ್ಕುಲಿ ಡಬ್ಬಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟ ನಂತರದ ಕೆಲವು ವರ್ಷ ಶುಗರ್ ಅಪಾಯ ನಿಜವಾಗಿಯೂ ಏರಿತ್ತು. ಐದರಿಂದ ಏಳನೇ ವರ್ಷದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯಿತು. ಆದರೆ ತೂಕ ಏರದವರಿಗೆ ಆ ಅಪಾಯವೂ ಏರಲಿಲ್ಲ. ಇನ್ನೊಂದು ಮುಖ್ಯ ಸಂಗತಿ: ತೂಕ ಎಷ್ಟೇ ಏರಿದ್ದರೂ, ಹೃದಯದ ಕಾಯಿಲೆಯಿಂದ ಸಾಯುವ ಸಾಧ್ಯತೆ ಸೇದುತ್ತಲೇ ಇದ್ದವರಿಗಿಂತ ಬಿಟ್ಟವರಲ್ಲಿ ಕಡಿಮೆಯೇ ಇತ್ತು.

ಹಾಗಾಗಿ ಸಿಗರೇಟ್ ಬಿಟ್ಟು ಕೆಟ್ಟೆ ಎಂದು ಅವರು ಮತ್ತೆ ಶುರು ಹಚ್ಚಿಕೊಳ್ಳುವುದು ಬೇಡ. ಟೇಪು ಹಿಡಿದು ಹೊಕ್ಕಳ ಹತ್ತಿರ ಸುತ್ತಳತೆ ತೆಗೆಯಿರಿ. ಮುಂದಿನ ಸಲ ರಕ್ತ ಕೊಡುವಾಗ ಊಟದ ನಂತರದ್ದನ್ನೂ ಕೊಡಲಿ. ರಾತ್ರಿ ಮುದ್ದೆ ಅಥವಾ ಅನ್ನದ ಅಳತೆ ಸ್ವಲ್ಪ ಇಳಿಸಿ, ಊಟ ಆದ ಮೇಲೆ ಅರ್ಧ ಗಂಟೆ ನಡೆಯಲಿ. ಸಿಗರೇಟ್ ಬಿಟ್ಟು ಎಷ್ಟು ವರ್ಷ ಆಯಿತು ಎನ್ನುವುದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ, ಕೆಲವು ಶುಗರ್ ಮಾತ್ರೆ ತೂಕ ಏರಿಸುತ್ತವೆ, ಕೆಲವು ಇಳಿಸುತ್ತವೆ.