ರಾಜಕಾಲುವೆಯ ಗೋಡೆ ಎತ್ತರಿಸಿದರೆ ತುಮಕೂರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗುವುದು ನಿಲ್ಲುತ್ತದೆಯೇ?

ಗೋಡೆಯೊಂದರಿಂದಲೇ ನಿಲ್ಲುವುದಿಲ್ಲ. ಒಂದು ಚದರ ಕಿಲೋಮೀಟರ್ ಬಡಾವಣೆಯ ಮೇಲೆ ಗಂಟೆಗೆ 60 ಮಿಲಿಮೀಟರ್ ತೀವ್ರತೆಯಲ್ಲಿ ಮಳೆ ಸುರಿದು, ಅದರಲ್ಲಿ ಶೇ. 70ರಷ್ಟು ಹರಿದುಬಂದರೆ, ಕಾಲುವೆ ಸೆಕೆಂಡಿಗೆ ಸುಮಾರು 11.7 ಘನ ಮೀಟರ್ ನೀರನ್ನು ಸಾಗಿಸಬೇಕಾಗುತ್ತದೆ. ಆ ಸಾಮರ್ಥ್ಯವನ್ನು ಕಾಲುವೆಯ ಅಗಲ, ಆಳ, ಇಳಿಜಾರುಗಳ ಜೊತೆಗೆ ಒರಟುತನವೂ ನಿರ್ಧರಿಸುತ್ತದೆ. ಕಾಲುವೆಯಲ್ಲಿ ನೀರು ಹರಿಯುವ ವೇಗವನ್ನು ಲೆಕ್ಕಹಾಕುವ ಮ್ಯಾನಿಂಗ್ ಸೂತ್ರದಲ್ಲಿ ಕಾಂಕ್ರೀಟಿನ ಒರಟುತನದ ಗುಣಾಂಕ ಸುಮಾರು 0.015, ಜೊಂಡು ಬೆಳೆದ ಮಣ್ಣಿನ ಕಾಲುವೆಯದು 0.030ಕ್ಕೂ ಹೆಚ್ಚು, ಅಂದರೆ ಅದೇ ಅಳತೆಯ ಕಾಲುವೆ ಅರ್ಧಕ್ಕಿಂತ ಕಡಿಮೆ ನೀರನ್ನು ಒಯ್ಯುತ್ತದೆ. ಆದ್ದರಿಂದ ಹೂಳು ಮತ್ತು ಜೊಂಡು ತೆಗೆಯುವುದೇ ಮೊದಲ ಕೆಲಸವೆಂದು ನನ್ನ ದೃಢ ಅಭಿಪ್ರಾಯ. ಮುಂದಿನ ಮೋರಿ ಕಿರಿದಾಗಿದ್ದರೆ ಅಥವಾ ಕಾಲುವೆ ಸೇರುವ ಕೆರೆ ಕೋಡಿ ಮಟ್ಟಕ್ಕೆ ತುಂಬಿದ್ದರೆ ನೀರು ಹಿಂದಕ್ಕೆ ಏರುತ್ತದೆ. ಆಗ ಎತ್ತರದ ಗೋಡೆ ಬೀದಿಯ ಮಳೆನೀರು ಕಾಲುವೆಗೆ ಇಳಿಯದಂತೆ ತಡೆದು ಮನೆಗಳ ಕಡೆಯಲ್ಲೇ ನಿಲ್ಲಿಸುತ್ತದೆ. ಗೋಡೆ ಕಟ್ಟಲೇಬೇಕಾದಲ್ಲಿ, ಬೀದಿಯ ನೀರನ್ನು ಒಳಬಿಟ್ಟು ಕಾಲುವೆಯ ನೀರನ್ನು ಹೊರಬಿಡದ ಏಕಮುಖ ಬಾಗಿಲುಗಳನ್ನು ಅದರಲ್ಲಿ ಅಳವಡಿಸಬೇಕು.